ಅಕ್ಕನ ಮೂಗು, ಭಾವನ ಪಾರ್ಸೆಲ್ಲು

ಒಂದು ತೊಟ್ಟೂ ಬಾಯಿಗೆ ಬಿಟ್ಟುಕೊಳ್ಳದೆ ಊರಿಗೆಲ್ಲ ಕುಡುಕನೆಂದು ಹೆಸರಾಗುವುದು ಸುಲಭದ ಮಾತೇ? ನಮ್ಮ ಭಾವ ಅದನ್ನು ಸಾಧಿಸಿದ್ದಾರೆ! ಬೀಡಿ ಇಲ್ಲ, ಎಲೆಅಡಿಕೆ ಇಲ್ಲ, ಮದುವೆ ಮನೆಯಲ್ಲಿ ಇಸ್ಪೀಟಿಗೂ ಕೂರುವವರಲ್ಲ. ಕೆಮ್ಮಿನ ಸಿರಪ್ಪನ್ನು ಕೂಡ ‘ಇದರಲ್ಲಿ ಏನೇನು ಕಲಸಿದ್ದಾರೋ’ ಎಂದು ಅನುಮಾನಪಟ್ಟು ಅರ್ಧ ಚಮಚಕ್ಕೆ ನಿಲ್ಲಿಸುವ ಮನುಷ್ಯ. ಆದರೂ ನೀವು ಸಾದಲಿಯಲ್ಲಿ ಬಸ್ಸಿಳಿದು ಅವರ ಮನೆ ಎಲ್ಲಿ ಎಂದು ಕೇಳಿ ನೋಡಿ. "ಯಾರು, ಮನೇಲೇ ಕಾಯಿಸ್ತಾರಲ್ಲ, ಅವ್ರಾ?" ಎಂದು ಕಣ್ಣು ಮಿಟುಕಿಸಿ ದಾರಿ ತೋರಿಸುತ್ತಾರೆ. ಕೆಲವರು ಮನೆಯವರೆಗೆ ಬಂದು ಬಿಟ್ಟುಹೋಗಲೂ ತಯಾರಿರುತ್ತಾರೆ. ಅವರ ಆ ಉಪಕಾರಬುದ್ಧಿಯ ಹಿಂದೆ ಏನಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ವಿದ್ಯುತ್ ಇಲಾಖೆಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸದಲ್ಲಿದ್ದು ನಿವೃತ್ತರಾದವರು. ಶಿಡ್ಲಘಟ್ಟದ ಸುತ್ತ ಅವರು ಇಣುಕದ ಗೋಡೆಯಿಲ್ಲ, ಓಡಿಸಿಕೊಂಡು ಬರದ ನಾಯಿಯಿಲ್ಲ. ನಿವೃತ್ತಿಯಾದ ಮೇಲೆ ಓದುವುದಕ್ಕೆ ಮೀಟರ್ ಇಲ್ಲದೆ ಪಾಪ ಬಡಕಲಾಗಿಬಿಟ್ಟಿದ್ದರು. ಮುಳ್ಳು, ಗೆರೆ, ಅಂಕಿ ಇರುವ ಯಾವ ಉಪಕರಣ ಕಂಡರೂ ಸಾಕು, ಅವರ ಕೈ ತುರಿಸುತ್ತದೆ. ಈಗಂತೂ ಅಂಗಡಿ ಮೊಬೈಲಿನೊಳಗೇ ಕೂತಿದೆ. ಒತ್ತಿದರೆ ಆಯಿತು!

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಅವರು ತರಿಸುವ ಪಾರ್ಸೆಲ್ಲುಗಳೆಲ್ಲ ಚಿಂತಾಮಣಿಯ ನಮ್ಮ ಮನೆಗೆ ಬರುತ್ತವೆ ಸ್ವಾಮಿ! ಕೊರಿಯರ್‌ನವರು ಸಾದಲಿಯವರೆಗೆ ಬರುವುದಿಲ್ಲ ಎಂಬುದು ಅವರು ಕೊಡುವ ಕಾರಣ. ಪಾರ್ಸೆಲ್ಲು ನೇರವಾಗಿ ಅಕ್ಕನ ಕೈಗೆ ಸಿಕ್ಕರೆ ಮಂಗಳಾರತಿ ಎಂಬುದು ಅವರು ಕೊಡದ ಕಾರಣ. ಬರಬರುತ್ತಾ ಆ ಕೊರಿಯರ್‌ನವನು ನಮ್ಮ ನೆಂಟರಿಗಿಂತ ಹೆಚ್ಚಾಗಿ ನಮ್ಮ ಗೇಟು ತೆಗೆಯತೊಡಗಿದ. ನಾನು ಮಕ್ಕಳಿಗೆ ಪಾಠ ಹೇಳಿ ಶಾಲೆಯಿಂದ ಬರುವ ಹೊತ್ತಿಗೆ ಜಗಲಿಯ ಮೇಲೆ ಒಂದು ಡಬ್ಬ ಕೂತಿರುತ್ತಿತ್ತು. "ನಿಮ್ಮ ಭಾವ ಇನ್ನು ರಾಕೆಟ್ ಒಂದು ತರಿಸಿಲ್ಲ ಅಷ್ಟೆ," ಎಂದು ನಮ್ಮೆಜಮಾನರು ಗೊಣಗುತ್ತಾ ಅದನ್ನು ದಾಟಿ ಒಳಗೆ ಬರುತ್ತಿದ್ದರು. ಭಾನುವಾರ ನಾನು ಅದನ್ನು ಬಟ್ಟೆ ಅಂಗಡಿಯ ಕವರಿಗೆ ತುಂಬಿಕೊಂಡು ಸಾದಲಿಗೆ ಸಾಗಿಸುತ್ತಿದ್ದೆ. ಅಕ್ಕ ಕೇಳಿದರೆ ಸೀರೆ ಎನ್ನುವುದು ನಮ್ಮ ಒಪ್ಪಂದ. ಡ್ರಿಲ್ಲಿಂಗ್ ಮೆಷಿನ್ನು ಹೊತ್ತು ಹೋದ ದಿನ ಅಕ್ಕ ಕವರನ್ನು ಒಂದು ಸಲ ಎತ್ತಿ ಇಳಿಸಿ, "ಯಾಕೇ, ಈ ಸಲದ ಸೀರೆಗೆ ಕಬ್ಬಿಣದ ಬಾರ್ಡರಾ?" ಎಂದಳು. ಅಲ್ಲಿಗೆ ಸೀರೆಯ ಕಥೆ ಮುಗಿಯಿತು.

ಆದರೆ ಈ ತರಿಸುವ ಹುಚ್ಚು ಹತ್ತಿದ್ದು ಮೀಟರಿನ ಆಸೆಗಷ್ಟೇ ಅಲ್ಲ. ಅಕ್ಕನ ಮೂಗಿಗಾಗಿ.

ಆ ಕೊರೊನಾ ಕಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಜ್ವರ ಇಳಿಯಿತು, ಕೆಮ್ಮೂ ಹೋಯಿತು. ಹೋಗುವಾಗ ವಾಸನೆಯನ್ನು ಜೊತೆಗೆ ಕರೆದುಕೊಂಡು ಹೋಯಿತು. ಎಲ್ಲರಿಗೂ ಹೋಗುತ್ತೆ, ಬರುತ್ತೆ ಎಂದರು. ಭಾವನಿಗೆ ಬಂತು, ಮಗಳಿಗೆ ಬಂತು, ಪಕ್ಕದ ಮನೆಯವರಿಗೆಲ್ಲ ಬಂತು. ಅಕ್ಕನಿಗೆ ಬರಲಿಲ್ಲ. ಮಳೆಗಾಲ ಹೋಗಿ ಚಳಿಗಾಲ ಬಂತು, ಅದೂ ಹೋಯಿತು. ಬರಲೇ ಇಲ್ಲ.

ಯಾರದೋ ಮೂಗಾಗಿದ್ದರೆ ಬಿಡಿ, ನೆಗಡಿ ಎಂದು ಸುಮ್ಮನಾಗಬಹುದಿತ್ತು. ನನ್ನ ಅಕ್ಕ ಅಡುಗೆ ಮಾಡುತ್ತಿದ್ದದ್ದೇ ಮೂಗಿನಲ್ಲಿ! ಹಿರಿಯರ ಹಬ್ಬದಲ್ಲಿ ಎಡೆಗಿಡುವ ಅಡುಗೆಯನ್ನು ಯಾರೂ ಬಾಯಿಗೆ ಹಾಕಿ ರುಚಿ ನೋಡುವಂತಿಲ್ಲವಲ್ಲ, ಎಲ್ಲ ಮನೆಗಳಲ್ಲೂ ಹೆಂಗಸರು ದೇವರ ಮೇಲೆ ಭಾರ ಹಾಕಿ ಉಪ್ಪು ಹಾಕುತ್ತಾರೆ. ಅಕ್ಕ ಹಾಗಲ್ಲ. ಪಾತ್ರೆಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. "ಉಪ್ಪು ಒಂಚೂರು ಹಿಂದಾಯ್ತು," ಎಂದು ಒಂದು ಚಿಟಿಕೆ ಹಾಕಿದರೆ ಮುಗಿಯಿತು. ಊಟಕ್ಕೆ ಕೂತ ಹಿರಿಯ ನೆಂಟರಲ್ಲಿ ಒಬ್ಬರಾದರೂ ಒಮ್ಮೆಯಾದರೂ ಉಪ್ಪು ಕೇಳಿದ್ದನ್ನು ನಾನು ಕಂಡಿಲ್ಲ. ಚಿಕ್ಕವಳಿದ್ದಾಗಲೇ ನನಗೆ ಅಮ್ಮ ಇಲ್ಲವಾದಳು. ನನ್ನನ್ನು ಬೆಳೆಸಿದ್ದು ಅಕ್ಕನೇ. ನನ್ನ ಹಣೆ ಮುಟ್ಟಿ ನೋಡುವ ಮೊದಲೇ ಕತ್ತಿನ ಹತ್ತಿರ ಮೂಸಿ, "ನಾಳೆ ಇವಳಿಗೆ ಜ್ವರ ಬರ್ತದೆ," ಎನ್ನುತ್ತಿದ್ದಳು. ಬರುತ್ತಿತ್ತು ಕೂಡ!

ಅಂಥವಳು ಈಗ ಮಾಡಿದ ಸಾರನ್ನು ಮುಂದಿಟ್ಟುಕೊಂಡು, "ಇದು ಖಾರದ ಬಿಸಿನೀರು, ಅದು ಹುಳಿ ಬಿಸಿನೀರು, ಯಾವ್ದು ಬೇಕೋ ಹಾಕ್ಕೊಳಿ," ಎನ್ನತೊಡಗಿದಳು. ನಗುತ್ತಲೇ ಹೇಳುತ್ತಿದ್ದಳು, ನಾವೂ ನಗುತ್ತಿದ್ದೆವು. ಅಕ್ಕನ ಮಗಳ ಬಾಣಂತನಕ್ಕೆ ನಾನು ಹೋಗಿದ್ದಾಗ ಮಾತ್ರ ನಗು ಬರಲಿಲ್ಲ. ಮಗುವಿಗೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹಿಡಿದು, ಬಟ್ಟೆ ಸುತ್ತಿ ಅಕ್ಕನ ಕೈಗೆ ಕೊಟ್ಟರು. ಅಕ್ಕ ಆ ಮಗುವಿನ ನೆತ್ತಿಗೆ ಮೂಗು ಒತ್ತಿ ಹಿಡಿದಳು. ಬಿಟ್ಟು ಮತ್ತೆ ಒತ್ತಿದಳು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, "ಹೆಂಗೈತೇ, ಹೇಳೇ ಒಂಚೂರು," ಎಂದಳು.

ಹೇಗೆ ಹೇಳುವುದು? "ಹಾಲಿನ ಹಂಗಿದೆ ಅಕ್ಕ," ಎಂದೆ. "ಆಮೇಲೆ?" ಎಂದಳು. ನಾನು ಮಗುವಿನ ನೆತ್ತಿಯನ್ನು ಮತ್ತೊಮ್ಮೆ ಮೂಸಿದೆ. ಬಾಗಿಲ ಬಳಿ ಭಾವ ನಿಂತಿದ್ದರು. ಮಾರನೆಯ ದಿನವೇ ಅಕ್ಕನನ್ನು ಹೊರಡಿಸಿಕೊಂಡು ಚಿಕ್ಕಬಳ್ಳಾಪುರದ ಮೂಗಿನ ಡಾಕ್ಟರ ಮುಂದೆ ಕೂರಿಸಿದರು.

ಡಾಕ್ಟರು ಒಳ್ಳೆಯವರು. ಇದಕ್ಕೆ ಮಾತ್ರೆ ಇಲ್ಲ, ಮೂಗಿಗೆ ವ್ಯಾಯಾಮ ಮಾಡಿಸಬೇಕು ಎಂದರು. ನಿಂಬೆ, ಲವಂಗ, ಗುಲಾಬಿ, ನೀಲಗಿರಿ ಇವುಗಳನ್ನು ಬೆಳಿಗ್ಗೆ ಸಂಜೆ ಮೂಸುತ್ತಾ, ಆ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕು. "ಬರಬಹುದು, ಬರದೇನೂ ಇರಬಹುದು. ಬಿಡದೆ ಮಾಡಿ," ಎಂದರು. ಭಾವ ಮೊದಲ ಮಾತನ್ನೂ ಕೊನೆಯ ಮಾತನ್ನೂ ಕೇಳಿಸಿಕೊಂಡರು. ನಡುವಿನದು ಅವರ ಕಿವಿಗೆ ಬೀಳಲೇ ಇಲ್ಲ.

ಸ್ವಲ್ಪ ದಿನ ನಿಂಬೆ ಲವಂಗಗಳ ಸೇವೆ ನಡೆಯಿತು. ಆಮೇಲೆ ಒಂದು ಭಾನುವಾರ ಭಾವ ನನ್ನನ್ನು ಹಿತ್ತಲಿಗೆ ಕರೆದರು. "ನೋಡಮ್ಮಾ, ಮನುಷ್ಯ ಜೀವಮಾನವೆಲ್ಲಾ ಲವಂಗ ಮೂಸ್ಕೊಂಡು ಕೂತಿರ್ತಾನಾ? ಇವಳ ಮೂಗು ಸತ್ತಿಲ್ಲ. ಬೇಜಾರಾಗಿ ಮಲಗಿದೆ. ಹೊಸ ಹೊಸ ವಾಸನೆ ತೋರಿಸಿ ಎಬ್ಬಿಸ್ಬೇಕು."

"ಎಲ್ಲಿಂದ ತರ್ತೀರಾ ಭಾವ, ಹೊಸ ವಾಸನೇನ?"

"ತರೋದೇನು? ಮಾಡಣ!"

ಹಾಗೆ ಶುರುವಾಯಿತು ನೋಡಿ ಪಾರ್ಸೆಲ್ಲುಗಳ ಮೆರವಣಿಗೆ.

ಮೊದಲು ಬಂದದ್ದು ಬೆಸುಗೆ ಹಾಕುವ ಕಡ್ಡಿ, ತಂತಿ, ಬೆರಳಿನ ಉಗುರಿನಷ್ಟು ಚಿಕ್ಕ ಒಂದಷ್ಟು ಬಿಡಿ ಸಾಮಾನು. ಇದಕ್ಕೆ ಕಾರಣವಿತ್ತು. ಒಂದು ದಿನ ಹಾಲು ಉಕ್ಕಿ ಒಲೆ ಆರಿ, ಗ್ಯಾಸು ಸೋರುತ್ತಾ ಅಡುಗೆಮನೆಯೆಲ್ಲ ತುಂಬಿದ್ದರೂ ಅಕ್ಕ ಅಲ್ಲೇ ನಿಂತು ಸೊಪ್ಪು ಹೆಚ್ಚುತ್ತಿದ್ದಳಂತೆ. ಹೊರಗಿನಿಂದ ಬಂದ ಭಾವ ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದರಂತೆ. ಅಕ್ಕನೇ ನನಗೆ ಫೋನಿನಲ್ಲಿ ಹೇಳಿದಳು. ಹಾಗಾಗಿ ಭಾವ ವಾರವೆಲ್ಲ ಕೂತು, ಮೊಬೈಲ್ ನೋಡಿಕೊಂಡು, ಗ್ಯಾಸು ಸೋರಿದರೆ ಕೂಗುವ ಒಂದು ಪೆಟ್ಟಿಗೆ ಮಾಡಿ ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದರು.

ಪೆಟ್ಟಿಗೆ ಕೂಗಿತು. ಏನು ಕೂಗು ಅಂತೀರಿ! ಇಂಗು ಒಗ್ಗರಣೆಗೆ ಕೂಗಿತು. ಊದುಬತ್ತಿಗೆ ಕೂಗಿತು. ಮದುವೆ ಕರೆಯಲು ಬಂದ ನೆಂಟರೊಬ್ಬರು ಸೆಂಟು ಬಳಿದುಕೊಂಡು ಒಳಗೆ ಕಾಲಿಟ್ಟಾಗ ಎಷ್ಟು ಕೂಗಿತೆಂದರೆ ಅವರು ಪತ್ರಿಕೆಯನ್ನು ಬಾಗಿಲಲ್ಲೇ ಇಟ್ಟು ಹೋದರು. ಪೆಟ್ಟಿಗೆಯನ್ನು ಕಿತ್ತುಹಾಕಿ ಎಂದು ನಾವೆಲ್ಲ ಹೇಳಿದೆವು. ಬೇಡ ಎಂದವಳು ಅಕ್ಕನೇ. "ಇರ್ಲಿ ಬಿಡ್ರೇ. ಅದು ಬಡ್ಕೊಂಡ್ರೆ ಒಗ್ಗರಣೆ ಘಮ್ ಅಂತಿದೆ ಅಂತ ನನಗೆ ಗೊತ್ತಾಗ್ತದೆ," ಎಂದಳು. ಅವತ್ತಿನಿಂದ ಆ ಮನೆಯಲ್ಲಿ ಪೆಟ್ಟಿಗೆ ಕೂಗದಿದ್ದರೆ ಇನ್ನೊಂದು ಎಸಳು ಬೆಳ್ಳುಳ್ಳಿ ಬೀಳುತ್ತಿತ್ತು.

ಆಮೇಲೆ ಬಂದದ್ದು ಮರ ಕಡೆಯುವ ಲೇತು. ಇದನ್ನು ಸೀರೆ ಎಂದು ನಂಬಿಸಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ! ನಮ್ಮೆಜಮಾನರು ಗೊಣಗುತ್ತಲೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಿ ಇಳಿಸಿಬಂದರು. ಹಿತ್ತಲಿನಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಹುಳುಮನೆ ಇತ್ತು. ಅಣ್ಣತಮ್ಮಂದಿರು ಪಾಲಾದಾಗ ಅದಕ್ಕೆ ನಡುವೆ ಗೋಡೆ ಎಬ್ಬಿಸಿದ್ದರು. ಆಚೆ ಅರ್ಧದಲ್ಲಿ ಭಾವನ ತಮ್ಮ ಈಗಲೂ ಹುಳು ಸಾಕುತ್ತಾರೆ. ಈಚೆ ಅರ್ಧ ಭಾವನ ಕಾರ್ಖಾನೆಯಾಯಿತು.

ಲೇತಿನಲ್ಲಿ ಅವರು ಏನು ಮಾಡಿದರು? ಲಟ್ಟಣಿಗೆ. ಅದು ಮುಗಿದ ಮೇಲೆ? ಇನ್ನೊಂದು ಲಟ್ಟಣಿಗೆ! ಬೇವಿನದು, ಹಲಸಿನದು, ಹುಣಸೆಯದು, ತೇಗದ್ದು. ಮನೆಗೆ ಬಂದವರಿಗೆಲ್ಲ ಅರಿಶಿನ ಕುಂಕುಮದ ಜೊತೆ ಒಂದು ಲಟ್ಟಣಿಗೆ ಕೊಟ್ಟು ಕಳಿಸತೊಡಗಿದರು. ನಮ್ಮ ಅಡುಗೆಮನೆಯಲ್ಲಂತೂ ಅವು ಸಂಸಾರ ಹೂಡಿದವು. ಕೊನೆಗೆ ಒಂದು ದಿನ ಕೇಳಿಯೇಬಿಟ್ಟೆ.

"ಭಾವ, ಮೂರು ಹೊತ್ತೂ ಮುದ್ದೆ ಉಣ್ಣೋ ಸೀಮೆ ನಮ್ದು. ಇಷ್ಟೊಂದು ಲಟ್ಟಣಿಗೆ ಇಟ್ಕೊಂಡು ಏನ್ ಮಾಡಣ?"

"ಲಟ್ಟಣಿಗೆ ಯಾರಿಗ್ ಬೇಕಮ್ಮಾ? ನನಗೆ ಬೇಕಾಗಿರೋದು ಪುಡಿ!"

ನಿಜ. ಕಡೆದ ಮರದ ಬಿಸಿಬಿಸಿ ಪುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಓಡುತ್ತಿದ್ದರು. "ಇದು ಬೇವು ನೋಡೇ. ಬಂತಾ?" "ಇಲ್ಲ." "ಇದು ಹಲಸು. ಬಂತಾ?" "ಇಲ್ಲ ರೀ." "ಹೋಗ್ಲಿ, ಹುಣಸೇದು ಜೋರಾಗೈತೆ, ಬಂತಾ?" "ಸೀನು ಬಂತು." ಆ ಸೀನಿಗೂ ಭಾವ ಹಿರಿಹಿರಿ ಹಿಗ್ಗಿದರು. ಮೂಗು ಅಲುಗಾಡುತ್ತಿದೆಯಲ್ಲ ಎಂಬುದೇ ಅವರ ಸಮಾಧಾನ.

ಅಕ್ಕನಿಗಾಗಿ ಮಾಡುತ್ತಿದ್ದರು ಎನ್ನುವುದು ಸತ್ಯ. ಆದರೆ ಹೊಸ ಡಬ್ಬ ಬಿಚ್ಚುವಾಗ ಆ ಮುಖ ನೀವು ನೋಡಬೇಕಿತ್ತು! ಒಳಗಿನ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕನ್ನು ಒಂದೊಂದೇ ಪಟ್ ಎನ್ನಿಸುತ್ತಾ, ಉಪಕರಣವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, ಅದರ ಜೊತೆ ಬಂದ ಕಾಗದದ ಮೇಲೆ, ಚೀನೀ ಭಾಷೆಯ ಪುಟವನ್ನೂ ಬಿಡದೆ ಕಣ್ಣಾಡಿಸುತ್ತಾ ಕೂತರೆ ಊಟದ ಪರಿವೆ ಇರುತ್ತಿರಲಿಲ್ಲ. "ಮೂಗು ನಂದು, ಮೋಜು ಇವರ್ದು," ಎನ್ನುತ್ತಿದ್ದಳು ಅಕ್ಕ. ಅದೂ ಸತ್ಯವೇ.

ಮರದ ಪುಡಿ ಸಾಲದೆ ಭಾವ ವಾರ್ನಿಷಿಗೆ ಕೈ ಹಾಕಿದರು. ಅಲ್ಲಿ ಒಂದು ಎಡವಟ್ಟಾಯಿತು. ರೇಷ್ಮೆ ಹುಳುವಿಗೆ ವಾಸನೆ ಎಂದರೆ ಆಗದು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹುಳುಮನೆಗೆ ಹೋಗುವವರು ಪೌಡರ್ ಕೂಡ ಹಾಕಿಕೊಳ್ಳುವುದಿಲ್ಲ. ಆ ಮನೆಯಲ್ಲೇ ಹುಟ್ಟಿ ಬೆಳೆದ ಭಾವನಿಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಹೆಂಡತಿಯ ಮೂಗಿನ ಧ್ಯಾನದಲ್ಲಿ ಮರೆತಿದ್ದರು. ಆಚೆಯ ಹುಳುಗಳು ಇನ್ನೆರಡು ದಿನ ಸೊಪ್ಪು ತಿಂದರೆ ಮಾಗಿ ಹಣ್ಣಾಗಿ ಗೂಡು ಕಟ್ಟುತ್ತವೆ ಎನ್ನುವ ಹೊತ್ತಿಗೆ ಈಚೆಯಿಂದ ವಾರ್ನಿಷಿನ ಘಾಟು ಹೋಯಿತು. ಭಾವನ ತಮ್ಮ ಗಾಬರಿಯಿಂದ ಓಡಿಬಂದರು.

"ಅಣ್ಣಾ, ಹುಳ ಸೊಪ್ಪು ಮುಟ್ತಿಲ್ಲ ಕಣಣ್ಣಾ! ತಲೆ ಎತ್ಕೊಂಡು ಕೂತವೆ. ಏನ್ ಬಳಿದ್ಯೋ ನಿನ್ ದೊಣ್ಣೆಗಳ್ಗೆ?"

ಭಾವ ಡಬ್ಬಗಳಿಗೆ ಮುಚ್ಚಳ ಹಾಕಿ, ಲಟ್ಟಣಿಗೆಗಳನ್ನೆಲ್ಲ ಊರಾಚೆಯ ತೋಟಕ್ಕೆ ಸಾಗಿಸಿ, ತಮ್ಮನ ಹುಳುಮನೆಯ ಕಿಟಕಿಗೆ ಫ್ಯಾನು ಕಟ್ಟಿ ದಿನವೆಲ್ಲ ಕಾದರು. ಪುಣ್ಯಕ್ಕೆ ಹುಳುಗಳು ಮತ್ತೆ ಸೊಪ್ಪು ಹಿಡಿದವು, ಬೆಳೆ ಉಳಿಯಿತು. ನಾವು ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ಅಕ್ಕ ಕೂಡ ನಕ್ಕಳು. "ಗೋಡೆ ಆಚೆ ಇರೋ ಹುಳಕ್ಕೂ ಗೊತ್ತಾಯ್ತಂತೆ ಕಣೇ. ಡಬ್ಬದ ಪಕ್ಕದಲ್ಲೇ ಕೂತಿದ್ದ ನನಗೆ ಗೊತ್ತಾಗ್ಲಿಲ್ಲ ನೋಡು." ಅದಾದ ಮೇಲೆ ನನಗೆ ನಗಲು ಆಗಲಿಲ್ಲ.

ಇನ್ನು ಕುಡುಕನ ಪಟ್ಟಕ್ಕೆ ಬರೋಣ. ಅಂಬಾಜಿದುರ್ಗದ ಕಡೆಯ ಪರಿಚಯದ ತೋಟದವರೊಬ್ಬರು, ಅಕಾಲದ ಮಳೆಗೆ ಬಿರುಕುಬಿಟ್ಟ ದ್ರಾಕ್ಷಿಯನ್ನು ಯಾರೂ ಕೇಳುತ್ತಿಲ್ಲವೆಂದು ಭಾವನಿಗೆ ಕ್ರೇಟುಗಟ್ಟಲೆ ಕೊಟ್ಟರು. ಹುದುಗು ಬಂದ ದ್ರಾಕ್ಷಿಗಿಂತ ಜೋರು ವಾಸನೆ ಭೂಮಿಯ ಮೇಲೆ ಬೇರೆ ಯಾವುದಿದೆ? ಭಾವ ಮೊಬೈಲ್ ಒತ್ತಿದರು. ನಮ್ಮ ಗೇಟಿಗೆ ರಸ ಎಷ್ಟು ಗಟ್ಟಿ ಎಂದು ಅಳೆಯುವ ಹೈಡ್ರೋಮೀಟರ್ ಬಂತು, ಥರ್ಮಾಮೀಟರ್ ಬಂತು, ಯೀಸ್ಟ್ ಬಂತು, ಗುಳುಗುಳು ಎನ್ನುತ್ತಾ ಗಾಳಿ ಬಿಡುವ ಡೊಂಕು ಕೊಳವೆ ಬಂತು, ಬಿರಡೆ ಬಡಿಯುವ ಯಂತ್ರ ಬಂತು. ಕೊನೆಗೆ ದೊಡ್ಡ ಹೊಟ್ಟೆಯ ಒಂದು ಗಾಜಿನ ಬುರುಡೆ ಬಂತು. ಅದನ್ನು ಟವಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟು ತಬ್ಬಿಕೊಂಡು ಸರ್ಕಾರಿ ಬಸ್ಸಿನಲ್ಲಿ ಕೂತೆ. ಕಂಡಕ್ಟರು ನನ್ನನ್ನೂ ನೋಡಿದ, ಟವಲ್ಲನ್ನೂ ನೋಡಿದ. "ನಿಮಗೇನೋ ಫ್ರೀ ಅಕ್ಕಾ. ಈವಯ್ಯಂಗೆ ಟಿಕೆಟ್ ತಗೊಳ್ಳಿ," ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

"ಭಾವ, ಇದು ಹೆಂಡ ಆಗಲ್ವಾ?" ಎಂದು ನಾನು ಮೆಲ್ಲಗೆ ಕೇಳಿದೆ.

"ಶಿವಶಿವಾ! ನಾನ್ ಮಾಡ್ತಿರೋದು ವಿನೆಗರ್ರು ಕಣಮ್ಮಾ. ಉಪ್ಪಿನಕಾಯಿಗೆ ಹಾಕ್ತಾರಲ್ಲ, ಅದು."

"ಮಧ್ಯದಲ್ಲಿ ವೈನ್ ಆಗ್ತದಂತಲ್ಲ?"

"ಆದ್ರೆ ಆಗ್ಲಿ. ಶಿಡ್ಲಘಟ್ಟಕ್ಕೆ ಹೋಗೋ ಬಸ್ಸು ನಡುವೆ ನಾಕು ಊರಲ್ಲಿ ನಿಲ್ಲಲ್ವಾ? ನಾವೇನ್ ಅಲ್ಲಿ ಇಳೀತೀವಾ?"

ನಾವು ಇಳಿಯಲಿಲ್ಲ. ಇಳಿದವರು ಎದುರು ಮನೆಯ ಹಿರಿಯರು! ಆಂಧ್ರದ ಗಡಿಯ ಕಡೆಯಿಂದ ಬಂದು ನೆಲೆಸಿದ ತೆಲುಗು ಮನೆಮಾತಿನವರು, ಬಹಳ ಸಜ್ಜನರು. ರಸ ಎಲ್ಲಿಯವರೆಗೆ ಹುಳಿಯಾಗಿದೆ ಎಂದು ರುಚಿ ನೋಡದೆ ತಿಳಿಯುವುದು ಹೇಗೆ? ಭಾವ ತೊಟ್ಟೂ ಮುಟ್ಟುವವರಲ್ಲ, ಅಕ್ಕನ ನಾಲಿಗೆಗೆ ಹುಳಿ ಎಂದಷ್ಟೇ ತಿಳಿದೀತು, ಯಾವ ಹುಳಿ ಎಂದು ತಿಳಿಯದು. ಹೈಡ್ರೋಮೀಟರು ಅಂಕಿ ಹೇಳುತ್ತದೆಯೇ ಹೊರತು ಚೆನ್ನಾಗಿದೆ ಎನ್ನುವುದಿಲ್ಲ. ಹಿರಿಯರು ತಾವಾಗಿ ಮುಂದೆ ಬಂದರು. ಒಂದು ಲೋಟ ಇಳಿಸಿ, ಕಣ್ಣು ಮುಚ್ಚಿ ಯೋಚಿಸಿ, "ಬಾಗುಂದಿ. ಕಾನೀ ಸರಿಗ್ಗಾ ತೆಲೀಲೇದು. ಇಂಕೊಂಚೆಂ ಪೊಯ್ಯಪ್ಪಾ," ಎಂದರು. ಚೆನ್ನಾಗಿದೆ, ಆದರೆ ಸರಿಯಾಗಿ ತಿಳಿಯಲಿಲ್ಲ, ಇನ್ನೊಂಚೂರು ಹೊಯ್ಯಿ ಎಂದು ಅರ್ಥ. ಇನ್ನಷ್ಟು ಹೊಯ್ದರೂ ಅವರಿಗೆ ಸರಿಯಾಗಿ ತಿಳಿಯಲಿಲ್ಲ. ಮಾರನೆಯ ದಿನ, ಅದರ ಮಾರನೆಯ ದಿನವೂ ಬಂದರು. ತಿಳಿದುಕೊಳ್ಳುವ ಆಸಕ್ತಿಯುಳ್ಳ ಇನ್ನೂ ಕೆಲವರು ಜೊತೆಗೂಡಿದರು. ವಿನೆಗರ್ ಆಗುವಷ್ಟು ದಿನ ಆ ರಸ ಉಳಿಯಲೇ ಇಲ್ಲ. ಊರಲ್ಲಿ ಹೆಸರು ಮಾತ್ರ ಉಳಿಯಿತು.

ಎರಡನೆಯ ಸಲ ಭಾವ ಹುಷಾರಾದರು. ಯಾರ ಕೈಗೂ ಸಿಗಬಾರದೆಂದು ರಸವನ್ನು ಬಾಟಲಿಗಳಿಗೆ ತುಂಬಿ, ಹೊಸ ಯಂತ್ರದಿಂದ ಬಿರಡೆಗಳನ್ನು ಬಲವಾಗಿ ಬಡಿದು, ನಡುಮನೆಯ ಮಂಚದ ಕೆಳಗೆ ಬಚ್ಚಿಟ್ಟರು. ಒಳಗೆ ಇನ್ನೂ ಹುದುಗು ಏಳುತ್ತಲೇ ಇತ್ತು. ಗಾಳಿಗೆ ದಾರಿ ಬೇಡವೇ? ಒಂದು ದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪುರೋಹಿತರು ಕಥೆಯ ನಡುವೆ ಇದ್ದರು, ನಾವೆಲ್ಲ ಅಕ್ಷತೆ ಹಿಡಿದು ಕೂತಿದ್ದೆವು. ಮಂಚದ ಕೆಳಗೆ ಢಂ ಎಂದಿತು. ಅದರ ಬೆನ್ನಿಗೇ ಇನ್ನೆರಡು! ನೆಂಟರು ಬಾಗಿಲಿಗೆ ಓಡಿದರು, ಗೋಡೆಯೆಲ್ಲ ನೇರಳೆಯಾಯಿತು, ಗಬ್ಬೆಂದು ನಾತ ಎದ್ದಿತು. ಪುರೋಹಿತರು ಶಲ್ಯದಿಂದ ಮೂಗು ಮುಚ್ಚಿಕೊಂಡು ಭಾವನ ಕಡೆ ನೋಡಿದರು. ಭಾವ ಕೈಮುಗಿದರು. "ವೈನ್ ಅಲ್ಲ ಸ್ವಾಮಿ, ವಿನೆಗರ್ರು. ಇನ್ನೂ ದಾರೀಲಿದೆ ಅಷ್ಟೆ!"

ಎಲ್ಲರೂ ಮೂಗು ಹಿಡಿದುಕೊಂಡಿದ್ದ ಆ ಮನೆಯಲ್ಲಿ ಅಕ್ಕ ಒಬ್ಬಳೇ ಪ್ರಸಾದದ ತಟ್ಟೆ ಹಿಡಿದು ಆರಾಮವಾಗಿ ನಿಂತಿದ್ದಳು. ಭಾವ ಆ ಗಲಾಟೆಯ ನಡುವೆಯೂ ಅವಳನ್ನೇ ನೋಡಿದರು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

ಇದಾದ ಮೇಲೆ ದಸರಾ ರಜಕ್ಕೆ ನಾನು ಅಲ್ಲೇ ಇದ್ದೆ. ಒಂದು ಬೆಳಿಗ್ಗೆ ಅಕ್ಕ ಕಸ ಗುಡಿಸುತ್ತಿದ್ದವಳು ಸರಕ್ಕನೆ ನಿಂತು, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೇ," ಎಂದಳು.

ಭಾವನ ಕೈಯಲ್ಲಿದ್ದ ಡ್ರಿಲ್ಲು ನೆಲಕ್ಕೆ ಬಿತ್ತು. ಮೂವರೂ ಮನೆಯೆಲ್ಲ ಹುಡುಕಿದೆವು. ಒಲೆ ಆರಿತ್ತು, ಪ್ಲಗ್ಗುಗಳು ಸರಿಯಾಗಿದ್ದವು, ಅಕ್ಕಪಕ್ಕದಲ್ಲೂ ಹೊಗೆಯಿರಲಿಲ್ಲ. ನನ್ನ ಮೂಗಿಗೆ ಏನೂ ತಿಳಿಯಲಿಲ್ಲ. "ಬರ್ತಾನೇ ಇದೆ ಕಣೇ," ಎಂದು ಅಕ್ಕ ನಡುಮನೆಯಲ್ಲಿ ನಿಂತಳು. ಅಷ್ಟರಲ್ಲಿ ಹಿತ್ತಲಿನಿಂದ ಭಾವ ಕೂಗುತ್ತಾ ಬಂದರು. "ಸಿಕ್ತು ಸಿಕ್ತು! ನನ್ ಟವಲ್ಲು ಕಣೇ! ನೀರೊಲೆ ಹತ್ರ ಬಿದ್ದು ಸುಟ್ಟೋಗಿತ್ತು!" ಟವಲ್ಲಿನ ಅರ್ಧ ಕರಕಲಾಗಿ ಹೊಗೆಯಾಡುತ್ತಿತ್ತು. ಅಕ್ಕ ಅದನ್ನು ತೆಗೆದುಕೊಂಡು ಮೂಗಿಗೆ ಹಿಡಿದಳು. ಮತ್ತೆ ಹಿಡಿದಳು. "ಇದರ ವಾಸನೆ ಬರ್ತಿಲ್ಲ ರೀ. ಅದು ಮಾತ್ರ ಇನ್ನೂ ಬರ್ತಿದೆ," ಎಂದಳು. ಆಮೇಲೆ ಭಾವನ ಇನ್ನೊಂದು ಕೈಯಲ್ಲಿದ್ದ ಬೆಂಕಿಪೊಟ್ಟಣ ಕಂಡಿತು.

ಫೋನಿನಲ್ಲಿ ಡಾಕ್ಟರು ವಿವರಿಸಿದರು. ಕೆಲವರಿಗೆ ಇಲ್ಲದ ವಾಸನೆ ಇದ್ದಂತೆ ತೋರುತ್ತದಂತೆ, ಅದರಿಂದ ಮೂಗು ಸರಿಹೋಗುತ್ತದೆ, ಹೋಗುವುದಿಲ್ಲ ಎಂದು ಏನೂ ಹೇಳಲಾಗದಂತೆ. ಅಕ್ಕ ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಸಂಜೆ ಕಾಫಿ ಕೊಡುವಾಗ ಮೆಲ್ಲಗೆ ಹೇಳಿದಳು.

"ಸಾಕು ರೀ. ನನ್ನ ಮೂಗು ಹೋಯ್ತು, ಹೋಗ್ಲಿ. ಅದಿಲ್ದೇನೂ ಬದುಕ್ತೀನಿ. ನೀವು ದಿನಾ ಬಂದು ‘ಬಂತಾ, ಬಂತಾ’ ಅಂತೀರಲ್ಲ, ಇಲ್ಲ ಅಂದಾಗ ನಿಮ್ಮ ಮುಖ ನೋಡಕ್ಕಾಗಲ್ಲ ನನಗೆ. ಆ ಸಾಮಾನೆಲ್ಲಾ ಯಾರಿಗಾದ್ರೂ ಕೊಟ್ಬಿಡಿ."

ಭಾವ ಕಾಫಿ ಲೋಟವನ್ನೇ ನೋಡುತ್ತಾ, "ಆಯ್ತು," ಎಂದರು.

ಪಾರ್ಸೆಲ್ಲುಗಳು ನಿಂತವು. ಶಾಲೆಯಿಂದ ಬಂದರೆ ಜಗಲಿ ಖಾಲಿ. "ಏನು, ನಿಮ್ಮ ಭಾವ ಹುಷಾರಾಗಿದ್ದಾರೆ ತಾನೇ?" ಎಂದು ನಮ್ಮೆಜಮಾನರೇ ಕೇಳಿದರು. ಡಬ್ಬ ಹೊತ್ತು ಹೊತ್ತು ಸಾಕಾಗಿ ಎಷ್ಟು ಸಲ ಬೈದುಕೊಂಡಿದ್ದೇನೋ, ಈಗ ಅವು ಬರದೆ ನಾನೇ ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಿದ್ದೆ. ನೀವೇ ಹೇಳಿ, ಹೆಂಡತಿಯ ಮೂಗು ಹೋದರೆ ಎಷ್ಟು ಗಂಡಂದಿರು ಗಮನಿಸುತ್ತಾರೆ? ಉಪ್ಪು ಹೆಚ್ಚಾಯಿತು ಎಂದು ತಟ್ಟೆ ಸರಿಸಿ ಏಳುವವರನ್ನು ನಾನು ಕಂಡಿದ್ದೇನೆ. ಆ ಮನೆಯಲ್ಲಿ ಅಕ್ಕನ ಅಡುಗೆ ಉಪ್ಪುಪ್ಪಾದ ದಿನ ಭಾವ ಎರಡು ಸಲ ಬಡಿಸಿಕೊಂಡು ಉಂಡು, ಹಿತ್ತಲಿಗೆ ಹೋಗಿ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ನನ್ನನ್ನು ಸಾಕಿದವಳಿಗೆ ಇಂಥವರು ಸಿಕ್ಕಿದರಲ್ಲ ಎಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಅವರೆದುರು ಹೇಳಿದರೆ ಇನ್ನೊಂದು ಲಟ್ಟಣಿಗೆ ಕೊಟ್ಟಾರೆಂಬ ಭಯಕ್ಕೆ ಹೇಳಿಲ್ಲ ಅಷ್ಟೆ!

ಅವರೆಕಾಯಿಯ ಕಾಲದಲ್ಲಿ ಭಾವ ಫೋನು ಮಾಡಿದರು. ಗೌರಿಬಿದನೂರಿನಲ್ಲಿ ಮರಗೆಲಸ ಮಾಡುವ ಪರಿಚಯದವರೊಬ್ಬರು ಸಾಮಾನೆಲ್ಲ ತೆಗೆದುಕೊಂಡು ಹೋಗಲು ಗಾಡಿ ತರುತ್ತಾರಂತೆ, ನಿನಗೇನಾದರೂ ಬೇಕಿದ್ದರೆ ಬಾ ಎಂದರು. ನನಗೆ ಏನು ಬೇಕು? ಸುಮ್ಮನೆ ಹೋದೆ.

ಬೆಳಗಿನಿಂದ ಅವರೊಬ್ಬರೇ ಹುಳುಮನೆ ಖಾಲಿ ಮಾಡುತ್ತಿದ್ದರು. ಲೇತು ಬಿಚ್ಚಿ ಎಳೆದರು, ಹಲಗೆ ಹೊತ್ತರು, ಮೂಲೆಮೂಲೆಯ ಮರದ ಪುಡಿ ಗೋರಿದರು. ಅಟ್ಟದ ಮೇಲೆ ಮರೆತುಹೋಗಿದ್ದ ದ್ರಾಕ್ಷಿರಸದ ಒಂದು ಜಾಡಿ ಇಳಿಸುವಾಗ ಅದು ಮಗುಚಿ ತಲೆಯಿಂದ ಕಾಲಿನವರೆಗೆ ಸುರಿಯಿತು. ಕೊನೆಗೂ ಅದು ಅಪ್ಪಟ ವಿನೆಗರ್ ಆಗಿತ್ತು! ಅದರಲ್ಲೇ ನೆನೆದು, ಅದರಲ್ಲೇ ಒಣಗಿ, ಬಿಸಿಲಿನಲ್ಲಿ ಮತ್ತೆ ಬೆವೆತು ಸಂಜೆಯವರೆಗೂ ಹೊತ್ತರು. ಗಾಡಿ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಬಂದು ಜಗಲಿಯ ಮೇಲೆ ಅಕ್ಕನ ಪಕ್ಕದಲ್ಲಿ ಉಸ್ಸೆಂದು ಕೂತರು.

ಅಕ್ಕ ಮತ್ತು ನಾನು ಅವರೆಕಾಯಿ ಸುಲಿಯುತ್ತಿದ್ದೆವು. ಸೊಗಡಿನ ಕಾಯಿ, ಜಗಲಿಯೆಲ್ಲ ಘಮ್ಮೆನ್ನುತ್ತಿತ್ತು. ಅದು ಬರುತ್ತಿದೆಯೇ ಎಂದು ಅಕ್ಕನನ್ನು ಈಗ ಯಾರೂ ಕೇಳುತ್ತಿರಲಿಲ್ಲ.

ಅಕ್ಕ ಮುಖ ಕಿವುಚಿ ಪಕ್ಕಕ್ಕೆ ಸರಿದಳು. "ಥೂ, ಅತ್ಲಾಗ್ ಹೋಗ್ರೀ! ಏನ್ ಗಬ್ಬು ನಾರ್ತಿದ್ದೀರಾ! ಸ್ನಾನ ಮಾಡ್ಕೊಂಡ್ ಬರ್ಬಾರ್ದಾ?"

"ಹೋದೆ ಹೋದೆ," ಎಂದು ಭಾವ ಎದ್ದು ಬಚ್ಚಲ ಕಡೆ ಹೊರಟರು. ಹೊಸ್ತಿಲು ದಾಟಲು ಎತ್ತಿದ ಕಾಲು ಹಾಗೇ ನಿಂತಿತು. ನನ್ನ ಮಡಿಲಿನ ಮೊರ ಜಾರಿ ಕಾಳೆಲ್ಲ ಚೆಲ್ಲಿತು. ಅಕ್ಕನ ಕೈ ತನ್ನ ಮೂಗಿನ ಮೇಲೇ ಇತ್ತು. ತಾನು ಏನು ಹೇಳಿದೆನೆಂದು ಅವಳಿಗೂ ಆಗಲೇ ತಿಳಿದದ್ದು.

ಭಾವ ತಿರುಗಿದರು. "ಸುಮ್ನೆ ಹೇಳ್ಬೇಡ ಕಣೇ," ಎಂದರು. "ನನ್ ಸಮಾಧಾನಕ್ಕೆ ಅಂತ ಹೇಳ್ಬೇಡ."

"ಬನ್ನಿ ಇಲ್ಲಿ," ಎಂದಳು ಅಕ್ಕ. ಅವರು ಬಂದು ಎದುರು ಕುಕ್ಕರಗಾಲಿನಲ್ಲಿ ಕೂತರು. ಅಕ್ಕ ಅವರ ಶರ್ಟಿನ ಎದೆಯನ್ನು ಮುಷ್ಟಿಯಲ್ಲಿ ಹಿಡಿದು ಮುಖದ ಹತ್ತಿರ ಎಳೆದುಕೊಂಡಳು. ಕಣ್ಣು ಮುಚ್ಚಿ, ಒಂದು ಉಸಿರು ಎಳೆದುಕೊಂಡಳು.

"ಬೆವರು," ಎಂದಳು. "ಬೆವರೇ. ಹುಳಿ ಹುಳಿಯಾಗೈತೆ. ನಿಮ್ದೇ."

ನಾನು ಗಡಿಬಿಡಿಯಲ್ಲಿ ಅವರೆ ಸಿಪ್ಪೆಯನ್ನು ಬಾಚಿ ಅವಳ ಮೂಗಿಗೆ ಹಿಡಿದೆ. ಇಲ್ಲ ಎಂದಳು. ಒಳಗೆ ಓಡಿ ಕಾಫಿಪುಡಿ ತಂದೆ, ಇಂಗು ತಂದೆ. ಇಲ್ಲ, ಇಲ್ಲ. "ಬೇರೆ ಏನೂ ಬರ್ತಿಲ್ಲ ಕಣೇ," ಎಂದಳು, ಮುಷ್ಟಿ ಬಿಡದೆ. "ಇವರ್ದೊಂದೇ ಬರ್ತಿದೆ."

ಭಾವ ಬಿಕ್ಕುತ್ತಿದ್ದರು. ಸಂಜೆ ಹೊತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಯಾರ ಕಡೆಯೂ ಅವರ ಗಮನವಿರಲಿಲ್ಲ. ಮುಖವೆಲ್ಲ ಮರದ ಪುಡಿ, ಅದರ ನಡುವೆ ಕಣ್ಣೀರು ಇಳಿಯುತ್ತಿತ್ತು. ಏನು ಮಾಡಬೇಕೋ ತಿಳಿಯದೆ ಕೇಳಿದರು. "ಹಂಗಾದ್ರೆ ನಾನು ಸ್ನಾನ ಮಾಡ್ಲಾ, ಬೇಡ್ವಾ?"

ಅಕ್ಕ ಅವರ ಎದೆಗೆ ಮುಖ ಒತ್ತಿಕೊಂಡು ಹೇಳಿದಳು. "ಇರ್ರೀ. ಇನ್ನೊಂಚೂರು ಹೊತ್ತು ಇರಿ."